ಸ್ಟಿಕ್ಕರ್ ಕೀಳುವ ಮುನ್ನ

ಹಳೆಯ ವಾಹನ ಕೊಂಡು ಮನೆಗೆ ತಂದಾಗ ಮೊದಲು ಕಣ್ಣಿಗೆ ಬೀಳುವುದು ಅದರ ಎಂಜಿನ್ ಅಲ್ಲ, ಮೈಮೇಲಿನ ಸ್ಟಿಕ್ಕರ್‌ಗಳು. ದುಡ್ಡು ಕೊಟ್ಟದ್ದು ನೀವು, ಆರ್.ಸಿ.ಯಲ್ಲಿ ಬರಲಿರುವ ಹೆಸರೂ ನಿಮ್ಮದೇ. ಆದರೆ ಹಿಂದಿನ ಗಾಜಿನಲ್ಲಿ ಬೇರೆಯವರ ಮಕ್ಕಳ ಹೆಸರು, ಬಾಗಿಲಿನಲ್ಲಿ ಬೇರೆಯವರ ಫೋನ್ ನಂಬರ್. ಅದನ್ನು ಕಂಡೊಡನೆ ನಮ್ಮಲ್ಲಿ ಹೆಚ್ಚಿನವರು ಅಡುಗೆಮನೆಯ ಚಾಕು ಇಲ್ಲವೇ ಶೇವಿಂಗ್ ಬ್ಲೇಡ್ ಹಿಡಿದು ಅಂಗಳಕ್ಕಿಳಿಯುತ್ತಾರೆ.

ಆ ಚಾಕುವನ್ನು ದಯವಿಟ್ಟು ಒಳಗಿಟ್ಟು ಬನ್ನಿ. ಕಾರಿನ ಮೈಮೇಲೆ ಪ್ರೈಮರ್, ಬಣ್ಣ, ಹೊಳಪಿನ ಲೇಪ ಎಲ್ಲ ಸೇರಿದರೂ ಅದರ ದಪ್ಪ ಒಂದೆರಡು ಕಾಗದದ ಹಾಳೆಯಷ್ಟೇ. ಚಾಕು ಅದನ್ನು ದಾಟಿ ತಗಡು ಮುಟ್ಟಲು ಒಂದು ಗೀರು ಸಾಕು. ನಮ್ಮ ಕರಾವಳಿಯ ಮಳೆಗೆ ಆ ಗೀರಿನಲ್ಲಿ ತುಕ್ಕು ಕಾಣಿಸಿಕೊಳ್ಳಲು ಹೆಚ್ಚು ದಿನ ಬೇಡ. 2012ರಲ್ಲಿ ಕಾರಿನ ಗಾಜಿನ ಕಪ್ಪು ಫಿಲ್ಮ್‌ಗಳನ್ನು ಸುಪ್ರೀಂ ಕೋರ್ಟ್ ನಿಷೇಧಿಸಿದಾಗ ಆತುರದಲ್ಲಿ ಬ್ಲೇಡಿನಿಂದ ಕೆರೆದ ಎಷ್ಟೋ ಗಾಜುಗಳ ಮೇಲೆ ಆ ಗೀರು ಹಾಗೆಯೇ ಉಳಿಯಿತು.

ನಾನು 2022ರಲ್ಲಿ ಒಂದು ಬಿಳಿ ಓಮ್ನಿ ಕೊಂಡೆ. ಮದುವೆ ಮನೆಗಳಿಗೆ ಅಡುಗೆ ಮಾಡಿಕೊಡುತ್ತಿದ್ದ ಸಹೋದರರೊಬ್ಬರ ಗಾಡಿ ಅದು. 2020ರ ಲಾಕ್‌ಡೌನ್‌ನಲ್ಲಿ ಮದುವೆಗಳು ನಿಂತವು. ಆಮೇಲೆ ನಡೆದವೂ ಐವತ್ತು ಜನರಿಗೆ ಇಳಿದವು. ಪಾತ್ರೆಗಳನ್ನು ಮೊದಲು ಮಾರಿದರಂತೆ, ಕೊನೆಗೆ ಗಾಡಿ. ಎರಡೂ ಬದಿಗೆ ದೊಡ್ಡ ಕೆಂಪು ಅಕ್ಷರಗಳಲ್ಲಿ ಅವರ ಕ್ಯಾಟರಿಂಗ್‌ನ ಹೆಸರು ಮತ್ತು ಮೊಬೈಲ್ ನಂಬರ್ ಇತ್ತು. ಬಾಗಿಲ ಬಳಿ ಅವರ ಮನೆದೇವರ ಒಂದು ಪುಟ್ಟ ಚಿತ್ರ. ಮುಂದಿನ ಗಾಜಿನ ಮೇಲ್ಭಾಗದಲ್ಲಿ 'ಅಮ್ಮನ ಆಶೀರ್ವಾದ'.

ದೇವರ ಚಿತ್ರವನ್ನು ನೀವೇ ತೆಗೆದುಕೊಳ್ಳಿ ಎಂದು ಗಾಡಿ ತರುವ ಮೊದಲೇ ಅವರಿಗೆ ಹೇಳಿದೆ. ಇನ್ನೊಬ್ಬರು ಕೈಮುಗಿಯುತ್ತಿದ್ದುದನ್ನು ನಾನು ಉಗುರಿನಿಂದ ಕೆರೆದು ಚರಂಡಿಗೆ ಹಾಕುವುದು ನನಗೆ ಸರಿ ಕಾಣಲಿಲ್ಲ. ಅವರು ತೆಗೆದರು, ಕರವಸ್ತ್ರದಲ್ಲಿಟ್ಟುಕೊಂಡರು. ಆಮೇಲೆ ಮುಂದಿನ ಗಾಜನ್ನು ನೋಡುತ್ತಾ ಸ್ವಲ್ಪ ಹೊತ್ತು ನಿಂತರು. "ಉಸ್ತಾದರೇ, ಅದೊಂದನ್ನು ಹರಿಯದ ಹಾಗೆ ತೆಗೆಯಲಿಕ್ಕೆ ಆಗುತ್ತದಾ? ಅಮ್ಮ ಇರುವಾಗ ಅವರೇ ನಿಂತು ಅಂಟಿಸಿದ್ದು" ಎಂದರು. ಪ್ರಯತ್ನಿಸುತ್ತೇನೆ ಎಂದು ಒಪ್ಪಿಕೊಂಡೆ. ಕೊಟ್ಟ ಮಾತೊಂದು ತಲೆಯ ಮೇಲಿದ್ದುದರಿಂದ ಈ ಕೆಲಸವನ್ನು ತಿಳಿದವರಲ್ಲಿ ಕೇಳಿಯೇ ಶುರು ಮಾಡಿದೆ.

ಸ್ಟಿಕ್ಕರ್ ಎಂದರೆ ತೆಳುವಾದ ಪ್ಲಾಸ್ಟಿಕ್, ಅದರ ಹಿಂದೆ ಅಂಟು. ತಣ್ಣಗಿದ್ದಾಗ ಪ್ಲಾಸ್ಟಿಕ್ ಪುಡಿಪುಡಿಯಾಗಿ ಒಡೆಯುತ್ತದೆ, ಅಂಟು ಬಿಗಿಯಾಗಿರುತ್ತದೆ. ಬೆಚ್ಚಗಾದಾಗ ಎರಡೂ ಮೆತ್ತಗಾಗುತ್ತವೆ. ಇಡೀ ಗುಟ್ಟು ಇಷ್ಟೇ. ಮೊದಲು ಗಾಡಿಯನ್ನು ಸೋಪಿನ ನೀರಿನಿಂದ ಚೆನ್ನಾಗಿ ತೊಳೆದು ಒರೆಸಿ. ಇಲ್ಲದಿದ್ದರೆ ಬಟ್ಟೆಯಡಿ ಸಿಕ್ಕ ಮರಳಿನ ಕಣವೇ ಬಣ್ಣವನ್ನು ಗೀರುತ್ತದೆ. ನಂತರ ಮನೆಯಲ್ಲಿ ಕೂದಲು ಒಣಗಿಸುವ ಡ್ರೈಯರ್ ಇದ್ದರೆ ಅರ್ಧ ಗೇಣು ದೂರದಲ್ಲಿ ಹಿಡಿದು, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಅರ್ಧ ನಿಮಿಷ, ಒಂದು ನಿಮಿಷ ಬಿಸಿ ಮಾಡಿ. ಅಂಗೈ ಇಟ್ಟರೆ ತಾಳಿಕೊಳ್ಳುವಷ್ಟು ಬಿಸಿ ಸಾಕು. ವರ್ಕ್‌ಶಾಪಿನ ಹೀಟ್ ಗನ್ ಬೇಡ. ಅದು ಸ್ಟಿಕ್ಕರಿನ ಜೊತೆ ಬಣ್ಣವನ್ನೂ ಬೇಯಿಸೀತು. ಡ್ರೈಯರ್ ಇಲ್ಲವೇ? ಬೆಳಗ್ಗಿನ ಬಿಸಿಲಿನಲ್ಲಿ ಅರ್ಧ ಗಂಟೆ ನಿಲ್ಲಿಸಿ, ಮೇಲೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಇಡಿ.

ಮೂಲೆಯನ್ನು ಹಳೆಯ ಎ.ಟಿ.ಎಂ. ಕಾರ್ಡಿನಿಂದ ಎಬ್ಬಿಸಿ. ಎದ್ದ ತುದಿಯನ್ನು ನಿಮ್ಮತ್ತ ನೇರವಾಗಿ ಎಳೆಯಬೇಡಿ. ಹಿಂದಕ್ಕೆ ಮಡಚಿ, ಗಾಡಿಯ ಮೈಗೆ ಒರಗಿದಂತೆ ನಿಧಾನವಾಗಿ ಎಳೆಯುತ್ತಾ ಹೋಗಿ. ಬಿಗಿಯಾಯಿತು ಎನಿಸಿದಾಗ ನಿಲ್ಲಿಸಿ, ಮತ್ತೆ ಬಿಸಿ ಮಾಡಿ. ಅವಸರಪಟ್ಟರೆ ಪ್ಲಾಸ್ಟಿಕ್ ನಿಮ್ಮ ಕೈಗೆ, ಅಂಟು ಗಾಡಿಗೆ.

ಒಂದು ಎಚ್ಚರಿಕೆ. ಗಾಡಿಗೆ ಎಲ್ಲಾದರೂ ಮತ್ತೆ ಬಣ್ಣ ಹೊಡೆಸಿದ್ದಾರೆಯೇ ಎಂದು ಮೊದಲೇ ಪರೀಕ್ಷಿಸಿ. ಬಾಗಿಲಿನ ರಬ್ಬರ್ ಅಂಚಿನಲ್ಲಿ ಬಣ್ಣದ ಹನಿ ಕಂಡರೆ, ಅಥವಾ ಒಂದು ಭಾಗದ ಬಿಳಿ ಇನ್ನೊಂದರ ಬಿಳಿಗೆ ಹೊಂದದಿದ್ದರೆ ಸಂಶಯಪಡಿ. ಕಂಪನಿಯ ಬಣ್ಣ ಗಟ್ಟಿ. ರಸ್ತೆ ಬದಿಯಲ್ಲಿ ಅಗ್ಗಕ್ಕೆ ಹೊಡೆಸಿದ ಬಣ್ಣ ಸ್ಟಿಕ್ಕರಿನ ಜೊತೆಗೇ ಎದ್ದು ಬರಬಹುದು. ಅಂಥ ಕಡೆ ಸ್ಟಿಕ್ಕರ್ ಹಾಗೆಯೇ ಇರಲಿ ಎಂದು ಬಿಡುವುದೂ ಜಾಣತನವೇ.

'ಅಮ್ಮನ ಆಶೀರ್ವಾದ'ಕ್ಕೆ ಇನ್ನೊಂದು ಉಪಾಯ ಮಾಡಬೇಕಾಯಿತು. ಬಿಡಿ ಅಕ್ಷರಗಳಾದ್ದರಿಂದ ಒಂದೊಂದೇ ಎದ್ದರೆ ಸಾಲು ಚೆದುರುತ್ತದೆ. ಅಕ್ಷರಗಳ ಮೇಲೆ ಅಗಲದ ಪ್ಯಾಕಿಂಗ್ ಟೇಪನ್ನು ಒತ್ತಿ ಅಂಟಿಸಿ, ಬಿಸಿ ಮಾಡಿ, ಟೇಪಿನೊಂದಿಗೇ ಸುರುಳಿ ಬಿಚ್ಚುವಂತೆ ಎಳೆದೆ. ಗಾಜಿನಲ್ಲಿ ಸಣ್ಣ ಒಡಕಿದ್ದರೆ ಬಿಸಿಗೆ ಅದು ಬೆಳೆಯಬಹುದು, ನೋಡಿಕೊಳ್ಳಿ. ಅಸರ್ ನಮಾಝ್ ಮುಗಿಸಿ ಕೂತವನು ಏಳುವಾಗ ಮಗ್ರಿಬ್ ಬಾಂಗ್ ಆಗುತ್ತಿತ್ತು. 'ಮ್ಮ'ದ ಒತ್ತಕ್ಷರ ಮಾತ್ರ ಗಾಜಿನಲ್ಲೇ ಉಳಿದುಬಿಟ್ಟಿತು. ಅದನ್ನು ಬೇರೆಯಾಗಿ ಎಬ್ಬಿಸಿ ಜಾಗಕ್ಕೆ ಸೇರಿಸಿದೆ, ತುಸು ಓರೆಯಾಗಿ ಕೂತಿತು. ಪಾರದರ್ಶಕ ಫೈಲಿನ ಹಾಳೆಗೆ ಹಚ್ಚಿ ಅವರ ಮನೆಗೆ ಕೊಟ್ಟು ಬಂದೆ. ಈಗ ಅದು ಅವರ ಮನೆಯ ಕಬ್ಬಿಣದ ಕಪಾಟಿನ ಮೇಲಿದೆ.

ನಮ್ಮವರಲ್ಲೂ ಒಂದು ಮಾತು ಕೇಳಬೇಕು. ಅಲ್ಲಾಹನ ನಾಮ, ಕುರ್‌ಆನಿನ ಸೂಕ್ತಗಳ ಸ್ಟಿಕ್ಕರನ್ನು ಬಂಪರಿಗೂ ಅಂಟಿಸುತ್ತೇವಲ್ಲ, ಮಳೆಗಾಲದಲ್ಲಿ ಅಲ್ಲಿಗೆ ಏನು ಸಿಡಿಯುತ್ತದೆ ಎಂದು ನೋಡಿದ್ದೀರಾ? ಗಾಡಿ ಮಾರುವಾಗ ಅದನ್ನು ನಾವೇ ತೆಗೆದು ಕೊಡಬೇಡವೇ? ಕೊಂಡವನಿಗೆ ಅದು ಏನೆಂದು ತಿಳಿದಿರಬೇಕಿಲ್ಲ. ಗುಜರಿಯವನಿಗೆ ಮೊದಲೇ ತಿಳಿಯದು.

ತೆಗೆಯಬಾರದ್ದೂ ಇವೆ. ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಹಾಕಿಸಿದ ಗಾಡಿಯ ಮುಂದಿನ ಗಾಜಿನಲ್ಲಿ ಒಂದು ಹೊಲೊಗ್ರಾಮ್ ಸ್ಟಿಕ್ಕರ್ ಇರುತ್ತದೆ, ಪೆಟ್ರೋಲಿಗೆ ತಿಳಿನೀಲಿ, ಡೀಸೆಲಿಗೆ ಕಿತ್ತಳೆ. ಅದನ್ನು ಮುಟ್ಟಬೇಡಿ. ಆದರೆ ಹಳೆಯ ಫಾಸ್ಟ್ಯಾಗ್ ಹೋಗಲೇಬೇಕು. ಮಾರಿದವರು ತಮ್ಮ ಬ್ಯಾಂಕಿನಲ್ಲಿ ಅದನ್ನು ಮುಚ್ಚಿಸದಿದ್ದರೆ ನೀವು ಟೋಲ್ ದಾಟುವಾಗ ಹಣ ಅವರ ಖಾತೆಯಿಂದ ಹೋಗುತ್ತದೆ. ಅದು ಅವರ ಹಕ್ಕು. ಮೊದಲ ಪ್ರಯಾಣಕ್ಕೆ ಮುನ್ನವೇ ಕೇಳಿಬಿಡಿ. ಕಿತ್ತ ಟ್ಯಾಗ್ ಮತ್ತೆ ಉಪಯೋಗಕ್ಕೆ ಬರುವುದಿಲ್ಲ.

ಇನ್ನು ಉಳಿದ ಅಂಟಿನ ಕಲೆ. ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವ ಇವೆಲ್ಲ ಅಂಟಿನೊಂದಿಗೆ ಬಣ್ಣವನ್ನೂ ಕರಗಿಸುತ್ತವೆ. ಶೀತಕ್ಕೆಂದು ಮನೆಯಲ್ಲಿಟ್ಟ ನೀಲಗಿರಿ ಎಣ್ಣೆ ಈ ಕೆಲಸಕ್ಕೆ ಬಹಳ ಒಳ್ಳೆಯದು. ಮೊದಲು ಕಾಣದ ಮೂಲೆಯಲ್ಲಿ ಒಂದು ಹನಿ ಹಚ್ಚಿ ನೋಡಿ. ನೆರಳಿನಲ್ಲಿ, ಮೆತ್ತನೆಯ ಹತ್ತಿಬಟ್ಟೆಯಿಂದ ಹಚ್ಚಿ, ಎರಡು ಮೂರು ನಿಮಿಷ ಬಿಟ್ಟು ಒರೆಸಿ, ಕೂಡಲೇ ಸೋಪಿನ ನೀರಿನಿಂದ ತೊಳೆಯಿರಿ. ಅಂಗಡಿಯಲ್ಲಿ ಸಿಗುವ ಡಬ್ಲ್ಯುಡಿ-40 ಕೂಡ ಆಗುತ್ತದೆ. ಇವೆಲ್ಲ ಬೆಂಕಿ ಹತ್ತುವ ಎಣ್ಣೆಗಳು. ಹಚ್ಚಿದ ಮೇಲೆ ಡ್ರೈಯರ್ ಹತ್ತಿರ ತರಬೇಡಿ, ಮಕ್ಕಳನ್ನೂ ದೂರವಿಡಿ.

ಇಷ್ಟೆಲ್ಲ ಮಾಡಿದರೂ ಸ್ಟಿಕ್ಕರಿನ ನೆರಳು ಉಳಿಯಬಹುದು. ಸುತ್ತಲಿನ ಬಣ್ಣ ವರ್ಷಗಟ್ಟಲೆ ಬಿಸಿಲಿಗೆ ಮಾಸಿರುತ್ತದೆ, ಅಕ್ಷರದಡಿಯ ಬಣ್ಣ ಹೊಸದರಂತೆಯೇ ಇರುತ್ತದೆ. ಪಾಲಿಶ್ ಹಾಕಿದರೆ ಸ್ವಲ್ಪ ಸರಿಹೋಗುತ್ತದೆ. ಆದರೆ ಪ್ರತಿ ಪಾಲಿಶ್ ಮೇಲ್ಪದರವನ್ನು ತುಸು ತೆಳುವಾಗಿಸುತ್ತದೆ, ಆದ್ದರಿಂದ ಒಂದೆರಡು ಬಾರಿಗೆ ಸಾಕು ಮಾಡಿ ಮೇಣ ಹಚ್ಚಿಬಿಡಿ. ನನ್ನ ಓಮ್ನಿಯ ಎಡಬದಿಯಲ್ಲಿ ಬೆಳಗ್ಗಿನ ಓರೆ ಬಿಸಿಲು ಬಿದ್ದಾಗ ಆ ನಂಬರ್ ಇಂದಿಗೂ ಓದಲು ಬರುತ್ತದೆ. ಕಳೆದ ಶವ್ವಾಲ್‌ನಲ್ಲಿ ಒಬ್ಬರು ಅದನ್ನು ಓದಿ, ನಿಕಾಹ್‌ಗೆ ಅಡುಗೆಯವರು ಬೇಕಿತ್ತು, ಈ ನಂಬರ್ ಈಗಲೂ ಇದೆಯೇ ಎಂದು ಕೇಳಿದರು. ಇದೆ, ಕರೆ ಮಾಡಿ ಎಂದೆ.