ಸಾಧು ಕೋಕಿಲರ ಕೀಬೋರ್ಡು ಮತ್ತು ನಮ್ಮ ಬಿಜಾಪುರ

ಸಾಧು ಕೋಕಿಲ ಎಂದರೆ ಈಗಿನ ಹುಡುಗರು ಮೊದಲು ನಗುತ್ತಾರೆ, ಆಮೇಲೆ ಯಾವ ಸಿನಿಮಾದ ಯಾವ ದೃಶ್ಯ ಎಂದು ಹೇಳಲು ಶುರು ಮಾಡುತ್ತಾರೆ. ತೊಂಬತ್ತರ ದಶಕದ ಬಿಜಾಪುರದಲ್ಲಿ ಆರ್ಕೆಸ್ಟ್ರಾಗಳ ಬೆನ್ನುಹತ್ತಿ ತಿರುಗಿದ ನಮ್ಮ ಗುಂಪಿಗೆ ಹಾಗಲ್ಲ. ನಮಗೆ ಆ ಹೆಸರೆಂದರೆ ಕೀಬೋರ್ಡು. ಅವರು ತೆರೆಯ ಮೇಲೆ ಬಂದಾಗ ಟಾಕೀಸೆಲ್ಲ ನಕ್ಕರೆ, ನಾವು ‘ಈ ಮನಷ್ಯಾನ ಕೈ ತೋರಸಬೇಕಾಗಿತ್ತಲ್ಲೋ’ ಎಂದು ಹಳಹಳಿಸುತ್ತ ಹೊರಬರುತ್ತಿದ್ದೆವು.

ನಮ್ಮ ಕಿವಿಯನ್ನು ಹದ ಮಾಡಿದ್ದು ಹಂಸಲೇಖ. 1987ರಲ್ಲಿ ‘ಪ್ರೇಮಲೋಕ’ ಬಂದಾಗ ಮದುವೆಮನೆ, ಚಹಾದಂಗಡಿ, ಟೆಂಪೊ, ಎಲ್ಲಿ ಹೋದರೂ ಅದೇ. ಡ್ರಮ್ಮಿನಂತೆ ಕೇಳಿಸುವ, ಆದರೆ ಡ್ರಮ್ ಅಲ್ಲದ ಆ ಪೆಟ್ಟು ಎಲ್ಲಿಂದ ಬರುತ್ತದೆ ಎಂಬುದೇ ನಮಗೆ ದೊಡ್ಡ ಕುತೂಹಲ. ಅದು ಎಲೆಕ್ಟ್ರಾನಿಕ್ ವಾದ್ಯಗಳ ಕಾಲ. 1983ರಲ್ಲಿ ಯಮಹಾ ಕಂಪನಿ ಡಿಎಕ್ಸ್-7 ಎಂಬ ಸಿಂಥಸೈಜರ್ ತಂದಿತ್ತು. ಬೇರೆ ಬೇರೆ ಕಂಪನಿಗಳ ವಾದ್ಯಗಳು ಒಂದರೊಡನೆ ಒಂದು ಮಾತಾಡಲು ಬೇಕಾದ ಮಿಡಿ ಎಂಬ ಏರ್ಪಾಡೂ ಅದೇ ವರ್ಷದ್ದು. 1988ರಲ್ಲಿ ಕೊರ್ಗ್ ಕಂಪನಿಯ ಎಂ-1 ಕೀಬೋರ್ಡು ಬಂತು. ಸಾಲಾಗಿ ಕೂತ ಪಿಟೀಲಿನವರು, ಕೊಳಲಿನವರು, ತಾಳವಾದ್ಯದವರು ಸೇರಿ ಮಾಡುತ್ತಿದ್ದ ಕೆಲಸ ಒಬ್ಬ ಮನುಷ್ಯನ ಹತ್ತು ಬೆರಳಿನ ಕೆಳಗೆ ಬಂದು ಕೂತಿತು. ಎಷ್ಟೋ ವಾದ್ಯಗಾರರ ಅನ್ನಕ್ಕೆ ಅದು ಕುತ್ತಾಯಿತು, ಅದನ್ನು ಮರೆಯಬಾರದು. ಆದರೆ ಪಿಟೀಲಿನ ಮೇಳ ಕಟ್ಟುವ ದುಡ್ಡೇ ಇಲ್ಲದ ಬಿಜಾಪುರದಂಥ ಊರಿಗೆ, ಒಂದು ಕೀಬೋರ್ಡು ಮತ್ತು ಕೋಲಿನಿಂದ ಬಾರಿಸುವ ಎಲೆಕ್ಟ್ರಾನಿಕ್ ತಾಳವಾದ್ಯ ಆಕ್ಟೋಪ್ಯಾಡು ಒಂದು ಇದ್ದರೆ ಗಣಪತಿ ಪೆಂಡಾಲಿನಲ್ಲಿ ಇಡೀ ಸಿನಿಮಾ ಹಾಡು ಎಬ್ಬಿಸಬಹುದು ಎಂಬುದು ಸಣ್ಣ ಸಂಗತಿಯಾಗಿರಲಿಲ್ಲ.

1993ರಲ್ಲಿ ಉಪೇಂದ್ರರ ‘ಶ್!’ ಬಂತು. ಗಾಂಧಿ ಚೌಕದ ಹತ್ತಿರ ಒಂದು ಕ್ಯಾಸೆಟ್ ಅಂಗಡಿ ಇತ್ತು. ಕವರಿನ ಮೇಲೆ ಹೊಸ ಹೆಸರು ನೋಡಿ, ‘ಇವ್ರ್ ಯಾರ್ರೀ ಭಾಯ್?’ ಎಂದು ಕೇಳಿದೆವು. ಭಾಯ್ ತಲೆ ಎತ್ತದೆ, ‘ಹೊಸಬ್ರ ಅದಾರಂತ. ಒಯ್ದು ಕೇಳ್ರಿ, ಛಲೋ ಅನಸಲಿಲ್ಲಂದ್ರ ವಾಪಸ್ ತರ್ರಿ’ ಎಂದರು. ವಾಪಸ್ ಒಯ್ಯಲಿಲ್ಲ. ಸಂಗೀತ ನಿರ್ದೇಶಕರಾಗಿ ಸಾಧು ಕೋಕಿಲರಿಗೆ ಅದು ಮೊದಲ ಚಿತ್ರ, ನಟರಾಗಿಯೂ ಮೊದಲನೆಯದೇ. ಆ ಹೆಸರನ್ನು ಇಟ್ಟವರೂ ಉಪೇಂದ್ರರೇ. ಒಂದೇ ಚಿತ್ರದಲ್ಲಿ ಎರಡು ಬಾಗಿಲು ತೆರೆದವು. ಜನ ಯಾವ ಬಾಗಿಲಿನ ಮುಂದೆ ನೆರೆದರು ಎಂಬುದು ಎಲ್ಲರಿಗೂ ಗೊತ್ತಿದೆ. ನಾವು ನಿಂತದ್ದು ಇನ್ನೊಂದರ ಮುಂದೆ.

ನಮ್ಮ ಗುಂಪಿನಲ್ಲಿ ನಿಜವಾಗಿ ಬಾರಿಸುತ್ತಿದ್ದವನು ತಿಕೋಟಾದ ಗೆಳೆಯ. ಉಳಿದವರು ವಾಯರ್ ಸುತ್ತುವುದು, ಸ್ಟ್ಯಾಂಡ್ ಹೊರುವುದು, ಹಾಡಿನ ವಹಿ ಹಿಡಿದು ನಿಲ್ಲುವುದು. ಅವನ ಕಾಕಾನ ದ್ರಾಕ್ಷಿ ತೋಟದಲ್ಲಿ ಒಣದ್ರಾಕ್ಷಿ ಮಾಡುವ ಶೆಡ್ ಇತ್ತು. ಬೇಸಿಗೆಯಲ್ಲಿ ಬಲೆಯ ಅಟ್ಟಗಳ ತುಂಬ ದ್ರಾಕ್ಷಿ ಹರವಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಮಳೆಗಾಲಕ್ಕೆ ಅದೇ ಶೆಡ್ ಖಾಲಿ, ಅದೇ ನಮ್ಮ ಸ್ಟುಡಿಯೋ. ಮೇಲೆ ತಗಡು, ಸುತ್ತ ಗಾಳಿ. ಕರೆಂಟು ಯಾವಾಗ ಹೋಗುತ್ತದೆ ಎಂದು ಗೊತ್ತಿಲ್ಲದ್ದರಿಂದ ಮೊದಲು ಕಷ್ಟದ ಹಾಡು, ಆಮೇಲೆ ಸರಳವಾದದ್ದು ಎಂದು ನಿಯಮ ಮಾಡಿಕೊಂಡಿದ್ದೆವು.

ಅವನ ಎಡಗೈ ಈಗಲೂ ನನ್ನ ಕಣ್ಣಮುಂದಿದೆ. ಕೀಬೋರ್ಡಿನ ಎಡತುದಿಯಲ್ಲಿ ಸ್ವರ ಬಾಗಿಸುವ ಒಂದು ಸಣ್ಣ ಚಕ್ರ ಇರುತ್ತದೆ. ಬಲಗೈಯಲ್ಲಿ ಮನೆ ಒತ್ತಿ ಹಿಡಿದು, ಎಡ ಹೆಬ್ಬೆರಳಲ್ಲಿ ಆ ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸಿದರೆ ಸ್ವರ ಜಾರುತ್ತದೆ. ಹಾರ್ಮೋನಿಯಂನಲ್ಲಿ ಆಗದ್ದು ಅದು. ನಮ್ಮ ಕಡೆಯ ಕರಡಿ ಮಜಲಿನಲ್ಲಿ ಶಹನಾಯಿಯವನು ಒಂದು ಸ್ವರದಿಂದ ಇನ್ನೊಂದಕ್ಕೆ ಎಳೆಯುತ್ತಾನಲ್ಲ, ಆ ಎಳೆತವನ್ನು ಗೆಳೆಯ ಆ ಚಕ್ರದಿಂದ ತೆಗೆಯುತ್ತಿದ್ದ. ಹೆಬ್ಬೆರಳು ಒಂದು ಗೆರೆ ಹೆಚ್ಚು ಸರಿದರೆ ಸ್ವರ ಕೆಟ್ಟಿತೆಂದೇ ಲೆಕ್ಕ. ‘ಕ್ಯಾಸೆಟ್‌ನ್ಯಾಗ ಸಾಧು ಅಣ್ಣ ಇದನ್ನ ಎಷ್ಟ್ ಹಗರ ಮಾಡ್ತಾರ ಕೇಳಲೇ’ ಎಂದು ರಿವೈಂಡ್ ಮಾಡಿ ಮಾಡಿ ಟೇಪು ಸವೆಸಿದ.

ಅವನ ಕೀಬೋರ್ಡಿಗೆ ಮೋತಿಖಾನ ಎಂದು ಹೆಸರು. ತಿಕೋಟಾದ ದಾರಿಯಲ್ಲಿ ತೊರವಿ ಬರುತ್ತದೆ, ಪಕ್ಕದಲ್ಲೇ ನವರಸಪುರದ ಹಾಳುಬಿದ್ದ ಮಹಲುಗಳು. ಎರಡನೇ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ಸಂಗೀತಕ್ಕೆಂದೇ ಕಟ್ಟಿಸಲು ಹೊರಟ ಊರು ಅದು. ‘ಕಿತಾಬ್-ಎ-ನೌರಸ್’ ಎಂದು ರಾಗಗಳ ಹೆಸರಿನಲ್ಲಿ ಹಾಡು ಬರೆದ ಆ ಸುಲ್ತಾನ ತನ್ನ ತಂಬೂರಿಯನ್ನು ಮೋತಿಖಾನ ಎಂದು ಕರೆಯುತ್ತಿದ್ದ. ರಾಜನ ತಂಬೂರಿಗೆ ಹೆಸರಿದ್ದರೆ ನಮ್ಮ ಕೀಬೋರ್ಡಿಗೇಕೆ ಬೇಡ ಎಂದು ಗೆಳೆಯನ ವಾದ.

ಗೋಳಗುಮ್ಮಟವೂ ನಮ್ಮ ಪಾಠಶಾಲೆಯೇ. 1656ರ ಆ ಕಟ್ಟಡದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಪ್ರವಾಸಿಗರು ಹೆಸರು ಕೂಗಿ ಖುಷಿಪಡುತ್ತಿದ್ದರೆ ಗೆಳೆಯ ಚಪ್ಪಾಳೆ ತಟ್ಟಿ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಒಂದು ಸದ್ದು ಏಳು ಸಲಕ್ಕೂ ಹೆಚ್ಚು ತಿರುಗಿ ಬರುತ್ತದೆ. ಪ್ರತಿ ಸಲ ತುಸು ಮೆತ್ತಗಾಗುತ್ತದೆ, ಅಂಚು ಕಳೆದುಕೊಳ್ಳುತ್ತದೆ. ಸಂಜೆ ಮಿಕ್ಸರಿನ ಎಕೋ ಗುಂಡಿ ತಿರುಗಿಸಿ ಅದೇ ಅಂತರ ಹಿಡಿಯಲು ಕೂರುತ್ತಿದ್ದ. ಬೇರೆ ಆರ್ಕೆಸ್ಟ್ರಾದವರು ಎಕೋ ಎಂದರೆ ಗುಂಡಿಯನ್ನು ಕೊನೆಯವರೆಗೆ ತಿರುಗಿಸುವುದು ಎಂದುಕೊಂಡಿದ್ದ ಕಾಲದಲ್ಲಿ ಅವನಿಗೆ ಸದ್ದಿನ ನಡುವಿನ ಖಾಲಿ ಜಾಗ ಮುಖ್ಯವಾಗಿತ್ತು.

ಬಬಲೇಶ್ವರದ ಒಂದು ಹಿಟ್ಟಿನ ಗಿರಣಿಯ ಮುಂದೆ ಕಳೆದ ಮಧ್ಯಾಹ್ನ ನನಗೆ ಬಹಳ ಇಷ್ಟದ್ದು. ಮದುವೆಯ ಕಾರ್ಯಕ್ರಮಕ್ಕೆ ಹೋಗಿದ್ದೆವು, ಸಂಜೆಯವರೆಗೆ ಕೆಲಸವಿಲ್ಲ. ಗಿರಣಿಯ ಪಟ್ಟಾದ ಜೋಡಣೆ ಸುತ್ತಿಗೊಮ್ಮೆ ಚಕ್ರಕ್ಕೆ ತಾಗಿ ಟಪ್ ಎನ್ನುತ್ತಿತ್ತು. ಕೆಳಗೆ ಕಲ್ಲಿನ ಗುರ್ರೆನ್ನುವ ಶ್ರುತಿ, ಮೇಲೆ ಡಬ್ಬಿ ಬಡಿಯುವ ಸದ್ದು. ಗೆಳೆಯ ಟೇಪ್‌ರೆಕಾರ್ಡರಿನ ಎರಡೂ ಗುಂಡಿ ಒತ್ತಿ ಜೋಳದ ಚೀಲದ ಮೇಲಿಟ್ಟ. ರಾತ್ರಿ ಕಾರ್ಯಕ್ರಮದಲ್ಲಿ ಆಕ್ಟೋಪ್ಯಾಡಿನವನಿಗೆ ಅದೇ ಓಟದ ಲಯ ಹಿಡಿಸಿ, ಹಲಗೆಗೆ ಹತ್ತಿರದ ದನಿಯೊಂದನ್ನು ಆರಿಸಿ, ಮೇಲೆ ತಾನೊಂದು ತುಣುಕು ಬಾರಿಸಿದ. ಮುಂದೆ ಕೂತಿದ್ದ ಹಿರಿಯರೊಬ್ಬರು, ‘ತಮ್ಮಾ, ಇದು ನಮ್ಮೂರ ಗಿರಣಿ ಬಡದಂಗ ಐತಲ್ಲೋ’ ಎಂದರು. ಅದಕ್ಕಿಂತ ದೊಡ್ಡ ಬಹುಮಾನ ಅವನಿಗೆ ಮುಂದೆ ಎಲ್ಲಿಯೂ ಸಿಗಲಿಲ್ಲ ಎಂದೇ ನನ್ನ ನಂಬಿಕೆ.

ಯಂತ್ರದ ಸದ್ದಿನಿಂದಲೇ ಸಂಗೀತ ಕಟ್ಟುವವರು ಜಗತ್ತಿನಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ, ಅದಕ್ಕೆ ಇಂಡಸ್ಟ್ರಿಯಲ್ ಎಂದೇ ಹೆಸರು ಎಂಬುದು ನಮಗೆ ತಿಳಿದದ್ದು ಅವನು ಪುಣೆಗೆ ನೌಕರಿಗೆ ಹೋದ ಮೇಲೆ. ರಜೆಗೆ ಬಂದಾಗ ಬಿಲ್ ಲೀಬ್ ಎಂಬುವರ ಸಿಡಿಗಳನ್ನು ತಂದ. ಆಸ್ಟ್ರಿಯಾದಲ್ಲಿ ಹುಟ್ಟಿ ಕೆನಡಾದ ವ್ಯಾಂಕೂವರಿನಲ್ಲಿ ನೆಲೆಸಿ, 1986ರಲ್ಲಿ ಫ್ರಂಟ್ ಲೈನ್ ಅಸೆಂಬ್ಲಿ ಎಂಬ ತಂಡ ಕಟ್ಟಿದವರು. ಕಬ್ಬಿಣ ಕುಟ್ಟಿದಂಥ ಸಂಗೀತ. ಅದೇ ಮನುಷ್ಯ ಡೆಲೀರಿಯಂ ಎಂಬ ಹೆಸರಿನಲ್ಲಿ ಮಾಡಿದ್ದು ಮಾತ್ರ ಹತ್ತಿಯಷ್ಟು ಮೃದು. ನಾಯ್ಸ್ ಯೂನಿಟ್, ಇಂಟರ್‌ಮಿಕ್ಸ್ ಎಂದು ಇನ್ನೂ ಹಲವು ಹೆಸರು. ಕೇಳಿ ಮುಗಿದ ಮೇಲೆ ಗೆಳೆಯ ಹೇಳಿದ, ‘ಇವ್ರೂ ನಮ್ಮ ಸಾಧು ಅಣ್ಣನೂ ಇಬ್ರೂ 1966ರಾಗ ಹುಟ್ಟಿದವ್ರು. ಇವ್ರು ಕೆಲಸಕ್ಕೊಂದು ಹೆಸರು ಇಟ್ಕೊಂಡ್ರು, ಅಣ್ಣ ಎಲ್ಲಾದ್ಕೂ ಒಂದ ಹೆಸರು ಇಟ್ರು. ಅದಕ್ಕ ಹಿಂಗಾತು.’

ಆ ಮಾತು ನೂರಕ್ಕೆ ನೂರು ನಿಜವೆಂದು ನನಗೆ ಈಗಲೂ ಅನಿಸುತ್ತದೆ. ಸಾಧು ಕೋಕಿಲ ‘ರಕ್ತ ಕಣ್ಣೀರು’ ನಿರ್ದೇಶಿಸಿದ್ದು 2003ರಲ್ಲಿ, ಅದಕ್ಕೆ ಸಂಗೀತವೂ ಅವರದೇ. ಆಮೇಲೆ ‘ರಾಕ್ಷಸ’, ‘ಸುಂಟರಗಾಳಿ’, ‘ಅನಾಥರು’ ನಿರ್ದೇಶಿಸಿದರು. ಲೆಕ್ಕವಿಲ್ಲದಷ್ಟು ಚಿತ್ರಗಳಲ್ಲಿ ನಗಿಸಿದರು. 2024ರಲ್ಲಿ ಕರ್ನಾಟಕ ಚಲನಚಿತ್ರ ಅಕಾಡೆಮಿಯ ಅಧ್ಯಕ್ಷರಾದರು. ಇದೆಲ್ಲ ಒಂದೇ ಹೆಸರಿನ ಕೆಳಗೆ ಬಂದು, ನಗೆಯ ಪಾಲು ಉಳಿದ ಪಾಲನ್ನು ನುಂಗಿತು. ಬೇರೆ ಹೆಸರಿನಲ್ಲಿ ಬಂದಿದ್ದರೆ ‘ಎಚ್2ಒ’ ಚಿತ್ರದ ಸಂಗೀತ ನಿರ್ದೇಶಕ ಯಾರೆಂದು ಜನ ಹುಡುಕಿಕೊಂಡು ಹೋಗುತ್ತಿದ್ದರು. 2008ರ ‘ಇಂತಿ ನಿನ್ನ ಪ್ರೀತಿಯ’ ಚಿತ್ರಕ್ಕೆ ಜಯಂತ ಕಾಯ್ಕಿಣಿ ಬರೆದು ವಾಣಿ ಹರಿಕೃಷ್ಣ ಹಾಡಿದ ಗೀತೆಯನ್ನು ಮೆಚ್ಚುವವರು ಲಕ್ಷಾಂತರ ಮಂದಿ. ಅದಕ್ಕೆ ರಾಗ ಹಾಕಿದವರು ಸಾಧು ಕೋಕಿಲ ಎಂದರೆ ಇಂದಿಗೂ ‘ಹೌದೇನ್ರಿ?’ ಎನ್ನುತ್ತಾರೆ.

ಊರಿನ ಹೆಸರು 2014ರಲ್ಲಿ ವಿಜಯಪುರ ಆಯಿತು. ತಿಕೋಟಾ, ಬಬಲೇಶ್ವರ ಎರಡೂ ತಾಲೂಕು ಕೇಂದ್ರಗಳಾದವು. ಮೋತಿಖಾನನ ಕೆಲವು ಮನೆಗಳು ಕೂಗುವುದಿಲ್ಲ, ಗೆಳೆಯ ರಿಪೇರಿಗೆ ಕೊಡಲು ಒಪ್ಪುವುದಿಲ್ಲ. ಫೋನಿನಲ್ಲಿ ಮಾತಿಗೆ ಸಿಕ್ಕಾಗಲೆಲ್ಲ ನಮ್ಮಿಬ್ಬರದು ಒಂದೇ ಹಂಬಲ, ಅದನ್ನೇ ಇಲ್ಲಿ ಊರ ಹಿರಿಯರ ಮುಂದೆ ಇಡುತ್ತಿದ್ದೇನೆ. ಸಿದ್ಧೇಶ್ವರ ಜಾತ್ರೆಯಲ್ಲಾಗಲಿ, ಮುಂದೆ ನಡೆಯುವ ನವರಸಪುರ ಉತ್ಸವದಲ್ಲಾಗಲಿ ಸಾಧು ಕೋಕಿಲರನ್ನು ಒಮ್ಮೆ ಕರೆಸಿ. ಮೈಕು ಬೇಡ, ಮಾತು ಬೇಡ, ವೇದಿಕೆಯ ನಡುವೆ ಒಂದು ಕೀಬೋರ್ಡು ಇಟ್ಟು ಒಂದು ತಾಸು ಬಾರಿಸಲು ಬಿಡಿ. ಕ್ಯಾಮೆರಾ ಇದ್ದರೆ ಅವರ ಕೈಗೆ ಹಿಡಿಯಿರಿ.