ಮಾರ್ಚ್‌ವರೆಗಿನ ಮಾಸ್ತರ

ಝೆರಾಕ್ಸ್ ಅಂಗಡಿಯವನು ನನ್ನ ಬಿ.ಇಡಿ ಅಂಕಪಟ್ಟಿಯನ್ನು ಗಾಜಿನ ಮೇಲೆ ಬೋರಲು ಹಾಕುತ್ತಾನೆ. ‘ಎಷ್ಟ್ ಕಾಪಿರಿ ಸರ?’ ‘ಮೂರು ಹೊಡಿ.’ ಸೇಡಂನಲ್ಲಿ ಜೂನಿನ ಮೊದಲ ಮಳೆ ಈಗಷ್ಟೇ ಬಿದ್ದಿದೆ. ರಸ್ತೆಯ ಸಿಮೆಂಟು ಧೂಳು, ಎರೆಮಣ್ಣು ಎರಡೂ ಕಲಸಿ ಚಪ್ಪಲಿಗೆ ಅಂಟಿದ್ದು ಬಿಡಲೊಲ್ಲದು. ನನ್ನ ಹಿಂದೆ ಐದಾರು ಜನ. ಎಲ್ಲರ ಕೈಯಲ್ಲೂ ಅದೇ ಪ್ಲಾಸ್ಟಿಕ್ ಫೈಲು: ಟಿಇಟಿ ಪ್ರಮಾಣಪತ್ರ, ಆಧಾರ್, ಪಾಸ್‌ಬುಕ್, 371ಜೆ ಸರ್ಟಿಫಿಕೇಟು. ಒಬ್ಬ ಪುಣೆಯಿಂದ ಬಂದವನು, ಅಲ್ಲಿ ಗೋದಾಮಿನ ಲೆಕ್ಕ ಬರೆಯುತ್ತಿದ್ದನಂತೆ. ನಾನು ಹೈದರಾಬಾದಿನ ಕಾಲ್‌ಸೆಂಟರಿನಲ್ಲಿ ಕೂತು, ಇಂಟರ್‌ನೆಟ್ ಕೆಟ್ಟಿದೆ ಎಂದು ಬೈಯುವ ಅಮೆರಿಕದವರಿಗೆ ರಾತ್ರಿಯೆಲ್ಲ ಸಮಾಧಾನ ಹೇಳಿ ಬಂದವನು.

‘ಯಾವ ಸಬ್ಜೆಕ್ಟ್‌ರಿ?’ ಪುಣೆಯವನು ಕೇಳುತ್ತಾನೆ.

‘ಇಂಗ್ಲಿಷ್.’

‘ಹಂಗಾದ್ರ ನಿಮಗೇನ್ ಚಿಂತಿಲ್ಲ ಬಿಡ್ರಿ. ಸಮಾಜಕ್ಕ ನಾವೇ ಹತ್ತ ಮಂದಿ ಅದೀವಿ.’

2022ರಲ್ಲಿ ಸರ್ಕಾರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಅರ್ಜಿ ಕರೆದಾಗ ಅದರಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೇ ಇದ್ದವು. ಆಗ ನನ್ನ ಕಿವಿಗೆ ಹೆಡ್‌ಫೋನ್ ಇತ್ತು, ಜೇಬಿಗೆ ಸಂಬಳವಿತ್ತು. ಈಗ ಅಪ್ಪನ ಎದೆಗೆ ಫರ್ಸಿ ಗಣಿಯ ಧೂಳು ಹತ್ತಿದೆ, ರಾತ್ರಿ ಕೆಮ್ಮು ನಿಲ್ಲುವುದಿಲ್ಲ. ಊರಲ್ಲೇ ಇರಬೇಕು. ಕಾಯಂ ನೌಕರಿ ಮತ್ತೆ ಯಾವಾಗ ಕರೆಯುತ್ತಾರೋ. ಸದ್ಯಕ್ಕೆ ಕೈಗೆ ಸಿಗುವುದು ಅತಿಥಿ ಶಿಕ್ಷಕನ ಕೆಲಸ. 2025ರ ಬಜೆಟ್ಟಿನಲ್ಲಿ ಎರಡು ಸಾವಿರ ಏರಿಸಿದ ಮೇಲೆ ಹೈಸ್ಕೂಲಿಗೆ ತಿಂಗಳಿಗೆ 12,500 ರೂಪಾಯಿ, ಪ್ರಾಥಮಿಕಕ್ಕೆ 12,000. ಕಾಯಂ ಶಿಕ್ಷಕರು ವರ್ಗವಾಗಿ ಬಂದರೆ ಅವತ್ತಿಗೇ ಮುಗಿಯಿತು. ಬಾರದಿದ್ದರೆ ಮಾರ್ಚ್‌ವರೆಗೆ ಗಟ್ಟಿ. ದುಡ್ಡು ಬಹಳ ಸಲ ತಿಂಗಳಿಗೊಮ್ಮೆ ಬರದೆ, ಅನುದಾನ ಬಿಡುಗಡೆಯಾದಾಗ ಗಂಟಾಗಿ ಬರುತ್ತದೆ. ಅಲ್ಲಿವರೆಗೆ ಕಿರಾಣಿ ಅಂಗಡಿಯ ಉದ್ರಿ.

ಮೊದಲು ಖಾಸಗಿ ಶಾಲೆಯೊಂದರಲ್ಲಿ ಡೆಮೊ ಕ್ಲಾಸು ಕೊಟ್ಟು ನೋಡಿದ್ದೆ. ನನ್ನ ಉಚ್ಚಾರಣೆ ಕೇಳಿ ಮೆಚ್ಚಿದರು, ಚಹಾ ಕೊಟ್ಟರು, ಆಮೇಲೆ ಊರಿಂದ ಎಷ್ಟು ಅಡ್ಮಿಷನ್ ತರುತ್ತೀ ಎಂದು ಕೇಳಿದರು. ಚಹಾ ಚೆನ್ನಾಗಿತ್ತು.

ಸರ್ಕಾರಿ ಹೈಸ್ಕೂಲಿಗೆ ಅರ್ಜಿ ಕೊಡಲು ಹೊರಟ ಬಸ್ಸು ಆಡಕಿ ಕಡೆ ಹೊರಳುತ್ತದೆ. ಕಿಟಕಿಯಾಚೆ ಕಟ್ಟಿಗೆಯಂತೆ ಪೇರಿಸಿಟ್ಟ ಫರ್ಸಿ ಕಲ್ಲು, ಆಮೇಲೆ ತೊಗರಿ ಬಿತ್ತಲು ಹದವಾದ ಕರಿ ಹೊಲ. ಪಕ್ಕದಲ್ಲಿ ಕೂತ ಕಾಕಾ ಫೈಲು ನೋಡಿದವನೇ ಶುರುಮಾಡುತ್ತಾನೆ. ‘ಹೈದ್ರಾಬಾದಿನ್ಯಾಗ ಛಲೋ ಪಗಾರ ಇತ್ತಲ್ಲಪ್ಪ, ಬಿಟ್ಟ್ಯಾಕ ಬಂದಿ?’ ಉತ್ತರಕ್ಕೆ ಕಾಯುವುದಿಲ್ಲ. ‘ಹೋಗ್ಲಿ, ನಮ್ಮ ಮೊಮ್ಮಗಳಿಗಿ ಒಂದೀಟ್ ಇಂಗ್ಲಿಷ್ ಹೇಳು. ಪೇಲ್ ಆಗಬಾರ್ದು, ಅಷ್ಟೇ.’

ಅಷ್ಟೇ ಎನ್ನುವುದು ಸಣ್ಣ ಮಾತಲ್ಲ. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ರಾಜ್ಯಕ್ಕೆ ಶೇ 66.14 ಬಂದರೆ ನಮ್ಮ ಕಲಬುರಗಿ ಜಿಲ್ಲೆಗೆ ಬಂದದ್ದು ಶೇ 42.43, ಎಲ್ಲ ಜಿಲ್ಲೆಗಳಿಗಿಂತ ಕೊನೆ. ಹೆಡ್‌ಮಾಸ್ತರರು ನನ್ನ ಕಾಗದಪತ್ರ ನೋಡುವ ಮೊದಲೇ ಆ ಲೆಕ್ಕ ಹೇಳುತ್ತಾರೆ. ಬೇರೆ ಅರ್ಜಿಯೂ ಇಲ್ಲ. ಹಾಜರಿ ಪುಸ್ತಕದಲ್ಲಿ ಕೊನೆಯ ಸಾಲಿಗೆ ನನ್ನ ಹೆಸರು ಪೆನ್ಸಿಲಿನಲ್ಲಿ ಬರೆದು, ‘ಮಂಜೂರಿ ಬಂದ ಮ್ಯಾಲ ಪೆನ್ನಿಲೆ ತಿದ್ದೋಣ್ರಿ’ ಎನ್ನುತ್ತಾರೆ. ‘ಈಗ ಹತ್ತನೇತ್ತಕ್ಕ ಹೋಗ್ರಿ. ಖಾಲಿ ಕುಂತಾವ.’

ಖಾಲಿ ಎಲ್ಲಿ ಬಂತು, ಕೋಣೆ ತುಂಬ ಗದ್ದಲ. ಒಳಗೆ ಕಾಲಿಟ್ಟರೆ ಎಲ್ಲರೂ ಎದ್ದು ರಾಗವಾಗಿ ಗುಡ್ ಮಾರ್ನಿಂಗ್ ಹೇಳುತ್ತಾರೆ, ಮಧ್ಯಾಹ್ನ ಎರಡು ಗಂಟೆ. ಕೂತ ಮೇಲೆ ಮುಂದಿನ ಸಾಲಿನ ಹುಡುಗನ ಮೊದಲ ಪ್ರಶ್ನೆ: ‘ಸರ, ಪಾಸಿಂಗ್ ಪ್ಯಾಕೇಜ್ ಕೊಡ್ತೀರೇನ್ರಿ?’ ಕಂಠಪಾಠದ ಪದ್ಯ, ಪ್ರೊಫೈಲು, ಪತ್ರ — ಇಷ್ಟು ಬಾಯಿಗೆ ಬಂದರೆ ದಡ ಸೇರಬಹುದೆಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಸರ್ಕಾರಿ ಶಾಲೆಗೆ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 2007–08ರಲ್ಲಿ. ಇವರೆಲ್ಲ ಎಬಿಸಿಡಿ ಜೊತೆಗೇ ಬೆಳೆದವರು. ಆದರೆ ಓದು ಎಂದರೆ ತಲೆ ಬಗ್ಗಿಸುತ್ತಾರೆ.

ಕೋಣೆಯಲ್ಲಿ ಬೆಂಚು ಸಾಲದೆ ಹಿಂದಿನವರು ಸಿಮೆಂಟ್ ಚೀಲ ಹಾಸಿಕೊಂಡು ಕೂತಿದ್ದಾರೆ. ಒಂದನ್ನು ಎತ್ತಿ ಬೋರ್ಡಿನ ಮೊಳೆಗೆ ಸಿಕ್ಕಿಸುತ್ತೇನೆ. ‘ಇದನ್ನ ಓದ್ರಿ.’

‘53 ಗ್ರೇಡ್!’ ಇಡೀ ತರಗತಿ ಒಂದೇ ಉಸಿರಿಗೆ. ಅಪ್ಪಂದಿರು ಫ್ಯಾಕ್ಟರಿಯಲ್ಲಿ ಲೋಡಿಂಗ್ ಮಾಡುವವರು, ಗ್ರೇಡು ಗೊತ್ತಿಲ್ಲದೇನು. ‘ನೆಟ್ 50 ಕೆಜಿ.’ ಅದಾಯಿತು. ಕೆಳಗಿನ ಸಣ್ಣ ಅಕ್ಷರಕ್ಕೆ ಬಂದಾಗ ಸದ್ದು ಇಳಿಯುತ್ತದೆ. ತಾಂಡಾದ ಹುಡುಗಿಯೊಬ್ಬಳು ಚೀಲದ ಹತ್ತಿರ ಬಂದು, ಮಡಿಕೆಯನ್ನು ಅಂಗೈಯಿಂದ ಬಿಡಿಸಿ, ಅಕ್ಷರದ ಮೇಲೆ ಬೆರಳು ಸರಿಸುತ್ತಾಳೆ. ‘ಯೂಸ್... ನೋ... ಹುಕ್ಸ್.’ ತಿರುಗಿ ಹೇಳುತ್ತಾಳೆ: ‘ಕೊಕ್ಕಿ ಹಾಕಿ ಎಳೀಬ್ಯಾಡ್ರಿ ಅಂತ, ಸರ. ಚೀಲ ಹರೀತದ.’ ಅವಳಪ್ಪ ಮುಂಬೈಯ ಸೈಟಿನಲ್ಲಿ ಮೇಸ್ತ್ರಿ. ದೀಪಾವಳಿ ಆದ ಮೇಲೆ ಮನೆಮಂದಿಯೆಲ್ಲ ಹೋಗುತ್ತಿದ್ದರು, ಇವಳೂ ಹೋಗಿ ಬಂದಿದ್ದಾಳೆ. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ, ತಾಂಡೂರಿನ ಸಂತೆಯಲ್ಲಿ ತೆಲುಗು, ಮುಂಬೈಯಲ್ಲಿ ಹಿಂದಿ. ವೇಳಾಪಟ್ಟಿ ಇಂಗ್ಲಿಷನ್ನು ದ್ವಿತೀಯ ಭಾಷೆ ಎನ್ನುತ್ತದೆ. ಇವಳಿಗೆ ಅದು ಐದನೆಯದು. ಹೈದರಾಬಾದಿನಲ್ಲಿ ನನಗೆ ತಿಂಗಳುಗಟ್ಟಲೆ ತರಬೇತಿ ಕೊಟ್ಟವರು ಇಂಥವಳನ್ನು ಕಂಡಿದ್ದರೆ ಏನು ಹೇಳುತ್ತಿದ್ದರೋ. ಭಾಷೆ ಕಲಿಯುವುದು ಈ ಮಕ್ಕಳಿಗೆ ಹೊಸದಲ್ಲ. ವರ್ಷಕ್ಕೊಬ್ಬ ಮಾಸ್ತರ ಬಂದು, ಪಾಠ ಅರ್ಧಕ್ಕೆ ಬಿಟ್ಟು, ಹೋಗುತ್ತಾನೆ; ತೊಡಕಿರುವುದು ಅಲ್ಲಿ. ಪೆನ್ಸಿಲಿನಲ್ಲಿ ಬರೆದ ನನ್ನ ಹೆಸರೂ ಆ ಲೆಕ್ಕದ್ದೇ.

‘ಸರ, ನೀವು ಕಾಲ್‌ಸೆಂಟರಿನ್ಯಾಗ ಹ್ಯಾಂಗ ಮಾತಾಡ್ತಿದ್ರಿ?’ ಸುದ್ದಿ ಆಗಲೇ ಊರು ತುಂಬಿದೆ. ಒಂದು ಸಾಲು ಹೇಳುತ್ತೇನೆ: ಐ ಕಂಪ್ಲೀಟ್ಲಿ ಅಂಡರ್‌ಸ್ಟ್ಯಾಂಡ್ ಯುವರ್ ಪ್ರಾಬ್ಲೆಮ್, ಮ್ಯಾಮ್. ಬಿದ್ದು ಬಿದ್ದು ನಗುತ್ತಾರೆ. ಸಂಜೆಯ ಹೊತ್ತಿಗೆ ಅಡುಗೆ ಕೋಣೆಯ ಅಕ್ಕನಿಗೂ ಅದನ್ನು ಹೇಳಿ ಬರುತ್ತಾರೆ.

ಜುಲೈ. ಪತ್ರಲೇಖನ. ಪ್ರಶ್ನೆಪತ್ರಿಕೆಯಲ್ಲಿ ಬರುವುದು ಕಲ್ಪನೆಯ ಪತ್ರ, ನೀನು ಎಕ್ಸ್ ಎಂದು ಭಾವಿಸಿಕೊಂಡು ವೈಗೆ ಬರೆ ಎಂಬಂಥದ್ದು. ಎಕ್ಸ್ ಯಾರೆಂದು ತಿಳಿಯುವ ಉಮೇದು ಯಾರಿಗೂ ಇಲ್ಲ. ನಿಮಗೆ ಏನು ಬೇಕು ಎಂದು ಕೇಳುತ್ತೇನೆ. ಬಸ್ಸು ಎನ್ನುತ್ತಾರೆ. ಶಾಲೆ ಬಿಡುವುದು ನಾಲ್ಕೂವರೆಗೆ, ಬಸ್ಸು ಹೋಗುವುದು ನಾಲ್ಕೂಕಾಲಿಗೆ. ಇಪ್ಪತ್ತು ನಿಮಿಷ ತಡ ಬಂದರೆ ತಾಂಡಾದವರು ನಡೆಯುವುದು ತಪ್ಪುತ್ತದೆ. ಸರಿ, ಡಿಪೋ ಮ್ಯಾನೇಜರಿಗೆ ಬರೆಯೋಣ. ಬೋರ್ಡಿನ ಮೇಲೆ ವಾಕ್ಯ ಏಳುತ್ತದೆ, ಅಳಿಯುತ್ತದೆ. ‘ವಿ ಆರ್ ವಾಕಿಂಗ್ ಡೈಲಿ’ ಎಂದು ಒಬ್ಬ. ‘ವಿ ವಾಕ್’ ಎಂದು ತಾಂಡಾದ ಹುಡುಗಿ. ಮಳೆಯಲ್ಲಿ ಹಳ್ಳ ಬರುತ್ತದೆಂದು ಬರೆಯಬೇಕೆಂದು ಹಿಂದಿನಿಂದ ಕೂಗು.

ನಕಲು ತೆಗೆದು ಹೆಡ್‌ಮಾಸ್ತರರ ಟೇಬಲ್ಲಿಗೆ ಒಯ್ಯುತ್ತೇವೆ. ಕನ್ನಡಕ ಏರಿಸಿ ಪೂರ್ತಿ ಓದುತ್ತಾರೆ. ‘ಛಲೋ ಬರದಾರ. ಆದ್ರ ಡಿಪೋದಾಗ ಇದನ್ನ ಯಾರ್ ಓದ್ತಾರ್ರಿ ಸರ? ಕನ್ನಡದಾಗ ಬರೀಲಿ.’

‘ಇಂಗ್ಲಿಷ್‌ನ್ಯಾಗ ಬರದ್ರ ಅಂಜ್ತಾರ್ರಿ, ಲಗೂ ಬಸ್ ಬಿಡ್ತಾರ,’ ಒಬ್ಬ ಹುಡುಗನ ವಾದ.

‘ಓದಾಕೇ ಬರಲ್ಲಂದ್ರ ಹ್ಯಾಂಗ ಅಂಜ್ತಾರೋ?’ ತಾಂಡಾದ ಹುಡುಗಿ.

ಎರಡನ್ನೂ ಹಾಕೋಣ ಎಂದು ತೀರ್ಮಾನವಾಗುತ್ತದೆ. ಕನ್ನಡದ್ದು ಮೇಲೆ, ಇಂಗ್ಲಿಷಿನದು ಕೆಳಗೆ, ನಡುವೆ ಪಿನ್ನು. ಅಂಚೆ ಚೀಟಿಗೆ ದುಡ್ಡು ಕೂಡಿಸಲು ಒಬ್ಬ ಆಗಲೇ ಟೋಪಿ ಹಿಡಿದು ಹೊರಟಿದ್ದಾನೆ.