ನಾವು ಕುಡಿಯದ ನೀರು

ಚಾರ್ಮಾಡಿ ಘಾಟಿಯ ಅರ್ಧ ದಾರಿಯಲ್ಲಿ ನಮ್ಮ ಮಾರುತಿ 800ರ ಟೆಂಪರೇಚರ್ ಮುಳ್ಳು ಮೇಲಿನ ಕೆಂಪು ಗೆರೆ ಮುಟ್ಟಿತು. ಇನ್ನೊಂದು ತಿರುವು ಹತ್ತುವಷ್ಟರಲ್ಲಿ ಬಾನೆಟ್ ಸಂದಿಯಿಂದ ಹಬೆ ಎದ್ದಿತು. ಹಿಂದಿನ ಸೀಟಿನಲ್ಲಿ ಅಪ್ಪ, ಪಕ್ಕದಲ್ಲಿ ಅಮ್ಮ, ಅಮ್ಮನ ತೊಡೆಯ ಮೇಲೆ ಆಸ್ಪತ್ರೆಯ ಫೈಲು.

ಅಪ್ಪನಿಗೆ ಸ್ಟೆಂಟ್ ಹಾಕಿಸಿ ಎಂಟು ತಿಂಗಳಾಗಿತ್ತು. ಮಂಗಳೂರಿನಲ್ಲಿ ತಪಾಸಣೆ ಮುಗಿಸಿ, ಕಡೂರು ಕಡೆಯ ನಮ್ಮೂರಿಗೆ ವಾಪಸಾಗುತ್ತಿದ್ದೆವು. ಮಂಜು ಇಳಿಯುತ್ತಿತ್ತು, ಫೋನಿಗೆ ಸಿಗ್ನಲ್ ಇರಲಿಲ್ಲ. ಅಣ್ಣ ಗಾಬರಿಯಲ್ಲಿ ಟವೆಲ್ ಹಿಡಿದು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲು ಹೋದ. ಎದುರಿನಿಂದ ಇಳಿದು ಬರುತ್ತಿದ್ದ ತರಕಾರಿ ಪಿಕಪ್ ಗಾಡಿಯ ಡ್ರೈವರ್ ಅಲ್ಲಿಂದಲೇ ಕೂಗಿದರು: "ಅಣ್ಣಾ, ಮುಚ್ಚಳ ಮುಟ್ಬೇಡಿ! ಮುಖ ಸುಟ್ಟೋಗುತ್ತೆ!"

ಅವರು ಗಾಡಿ ನಿಲ್ಲಿಸಿ ಬಂದು ಹೇಳಿಕೊಟ್ಟಿದ್ದಿಷ್ಟು. ರೇಡಿಯೇಟರ್ ಒಳಗಿನ ನೀರು ಒತ್ತಡದಲ್ಲಿರುತ್ತದೆ, ಅದಕ್ಕೇ ಅದು ನೂರು ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ತೆಗೆದ ಕ್ಷಣ ಒತ್ತಡ ಹೋಗಿ ಕುದಿಯುವ ನೀರು ಚಿಮ್ಮುತ್ತದೆ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿದರೆ ಹೆಡ್ ಸೀಳುವ ಅಪಾಯವಿದೆ. ಮೇಲಿನ ರಬ್ಬರ್ ಪೈಪು ಕೈಯಲ್ಲಿ ಹಿಡಿಯುವಷ್ಟು ತಣಿಯುವವರೆಗೆ ಸುಮ್ಮನೆ ಕಾಯಬೇಕು. ಆಮೇಲೆ ನೀರು ತುಂಬಿ, ಕಿಟಕಿ ಇಳಿಸಿ, ಹೀಟರ್ ಪೂರ್ತಿ ಹಾಕಿಕೊಂಡು ನಿಧಾನ ಹತ್ತಬೇಕು. ಹೀಟರ್ ಅಂದರೆ ಇನ್ನೊಂದು ಪುಟ್ಟ ರೇಡಿಯೇಟರ್ ಇದ್ದ ಹಾಗೆ, ಎಂಜಿನ್ನಿನ ಬಿಸಿಯನ್ನು ಒಂದಷ್ಟು ಅದೂ ಎಳೆದು ಹೊರಹಾಕುತ್ತದೆ.

ಒಂದು ಗಂಟೆಗೂ ಹೆಚ್ಚು ಕಾದೆವು. ಕುಡಿಯಲು ಇಟ್ಟುಕೊಂಡಿದ್ದ ಮೂರು ಬಾಟಲಿ ನೀರು ಕಾರಿಗೆ ಹೋಯಿತು. ಅಪ್ಪ ತಡೆಗೋಡೆಯ ಮೇಲೆ ಶಾಲು ಹೊದ್ದು ಕೂತಿದ್ದರು. ರಾತ್ರಿ ಎಂಟಕ್ಕೆ ಊಟ ಮಾಡಿ ತೆಗೆದುಕೊಳ್ಳಬೇಕಿದ್ದ ಮಾತ್ರೆಯನ್ನು ಅವರು ಕೊಟ್ಟಿಗೆಹಾರದ ಹೋಟೆಲಿನಲ್ಲಿ ಎರಡು ನೀರುದೋಸೆ ತಿಂದು ನುಂಗಿದಾಗ ಒಂಬತ್ತೂವರೆ. ಅವತ್ತು ಅಪ್ಪ ನಮಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಮಗೇ ಹಗುರಾಗುತ್ತಿತ್ತು. ರಾತ್ರಿ ಮೂಡಿಗೆರೆಯ ನೆಂಟರ ಮನೆಯಲ್ಲಿ ಉಳಿದು, ಬೆಳಗ್ಗೆ ಎರಡು ಕಡೆ ನಿಲ್ಲಿಸಿಕೊಂಡು ಊರು ಸೇರಿದೆವು.

ಮನೆಗೆ ಬಂದ ಮೇಲೆ ಮಾರುವ ಮಾತೇ ಮೊದಲು ಬಂತು. ಕಾರು 2007ರದು, ನಾವು 2015ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಹದಿನೈದು ವರ್ಷ ತುಂಬಿದ್ದಕ್ಕೆ 2022ರಲ್ಲಿ ಆರ್‌ಸಿ ನವೀಕರಿಸಿದ್ದೆವು. ಅದೇ ವರ್ಷ ಏಪ್ರಿಲ್ 1ರಿಂದ ಆ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. ಅಷ್ಟು ಕಟ್ಟಿದ ಗಾಡಿಗೆ ಗುಜರಿಯವರು ಹೇಳಿದ ಬೆಲೆ 22,000. ಆದರೆ ನಮ್ಮೂರಿಗೆ ಕೊನೆಯ ಬಸ್ಸು ಸಂಜೆ ಏಳಕ್ಕೆ. ಎಂಟು ತಿಂಗಳ ಹಿಂದೆ ರಾತ್ರಿ ಒಂದೂವರೆಗೆ ಅಪ್ಪನಿಗೆ ಎದೆನೋವು ಬಂದಾಗ ಹದಿನೆಂಟು ಕಿಲೋಮೀಟರ್ ದೂರದ ಆಸ್ಪತ್ರೆ ಮುಟ್ಟಿಸಿದ್ದು ಇದೇ ಕಾರು. ಹೊಸದು ಕೊಳ್ಳುವ ಶಕ್ತಿ ನಮಗಿಲ್ಲ. ಹಾಗಾಗಿ ಮಾರಬೇಕೋ ಬೇಡವೋ ಅನ್ನುವುದಕ್ಕಿಂತ, ಇದನ್ನು ನಂಬಬಹುದೋ ಇಲ್ಲವೋ ಅನ್ನುವುದೇ ನಮ್ಮ ಮುಂದಿದ್ದ ಪ್ರಶ್ನೆ.

ಬೀರೂರಿನಲ್ಲಿ ಹಳೇ ಕಾರುಗಳನ್ನೇ ನೋಡುವ ಒಬ್ಬ ಮೇಸ್ತ್ರಿಯ ಬಳಿ ಹೋದೆವು. ಅವರು ಬಾನೆಟ್ ಎತ್ತುವ ಮೊದಲು ಕೇಳಿದರು: "ಯಾವಾಗ ಕಾಯುತ್ತೆ? ನಿಂತಾಗಲೋ, ಓಡ್ವಾಗಲೋ, ದಿಬ್ಬ ಹತ್ತುವಾಗಲೋ?"

ನಮ್ಮಲ್ಲಿ ಒಬ್ಬೊಬ್ಬರದು ಒಂದೊಂದು ಉತ್ತರ. "ನೀರು ಎಷ್ಟು ದಿನಕ್ಕೆ ಕಮ್ಮಿ ಆಗುತ್ತೆ?" ಗೊತ್ತಿರಲಿಲ್ಲ. "ಲೀಟರಿಗೆ ಎಷ್ಟು ಕೊಡುತ್ತೆ?" ಮೊದಲು ಹದಿನೆಂಟು ಕೊಡುತ್ತಿತ್ತು, ಈಗ ಹದಿನಾಲ್ಕೋ ಏನೋ. ಪೆಟ್ರೋಲ್ ಬಂಕಿನವರನ್ನು ಬೈದುಕೊಂಡು ಸುಮ್ಮನಿದ್ದೆವು. ಊರವರನ್ನೆಲ್ಲ ಯಾವಾಗ, ಎಲ್ಲಿ, ಹೇಗೆ ಎಂದು ಕೇಳಿ ಬರೆದುಕೊಳ್ಳುವುದನ್ನೇ ಓದಿ ಬಂದವರಿರುವ ಮನೆ ನಮ್ಮದು. ಬಾಗಿಲ ಮುಂದೆ ನಿಂತ ಕಾರನ್ನು ಒಂದು ದಿನವೂ ಹಾಗೆ ಕೇಳಿರಲಿಲ್ಲ.

ಮೇಸ್ತ್ರಿ ಮೊದಲು ಹೆಡ್ ಗ್ಯಾಸ್ಕೆಟ್ ನೋಡಿದರು. ಎಂಜಿನ್ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿರಲಿಲ್ಲ, ಸೈಲೆನ್ಸರಿನಲ್ಲಿ ಬಿಳಿ ಹೊಗೆ ಇರಲಿಲ್ಲ, ಎಂಜಿನ್ ಓಡುವಾಗ ರೇಡಿಯೇಟರ್ ನೀರಿನಲ್ಲಿ ಗುಳ್ಳೆ ಏಳುತ್ತಿರಲಿಲ್ಲ. "ಸದ್ಯ ಬಚಾವ್. ಅಲ್ಯೂಮಿನಿಯಂ ಹೆಡ್ಡು, ಇನ್ನೊಂದ್ ಸ್ವಲ್ಪ ಓಡ್ಸಿದ್ರೆ ಬಾಗೋಗ್ತಿತ್ತು" ಅಂದರು. ಆಮೇಲೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಲು ಹೇಳಿದರು. ಒಂದು ವಾರ ಹತ್ತಿರದಲ್ಲೇ ಓಡಿಸಿ, ಮುಳ್ಳು ಎಲ್ಲೆಲ್ಲಿ ಎಷ್ಟು ಏರಿತು ಎಂದು ಬರೆದು ತನ್ನಿ. ಅರ್ಧ ದಾಟಿದ ತಕ್ಷಣ ನಿಲ್ಲಿಸಿ.

ವಾರದ ಕೊನೆಗೆ ಪುಸ್ತಕ ತಾನೇ ಮಾತಾಡಿತು. ಬೆಳಗ್ಗೆ ಸ್ಟಾರ್ಟ್ ಮಾಡಿ ಹತ್ತು ಕಿಲೋಮೀಟರ್ ಹೋದರೂ ಮುಳ್ಳು ಮೇಲೇಳುವುದಿಲ್ಲ. ಸಂತೆಯ ದಿನ ಕಡೂರು ಪೇಟೆಯಲ್ಲಿ ನಿಂತಾಗ ಫ್ಯಾನ್ ತಿರುಗುತ್ತದೆ, ಮುಳ್ಳು ಇಳಿಯುತ್ತದೆ. ಸಮತಟ್ಟು ರಸ್ತೆಯಲ್ಲಿ ತೊಂದರೆ ಇಲ್ಲ. ಲಿಂಗದಹಳ್ಳಿ ದಾಟಿ ಕಲ್ಲತ್ತಿಗಿರಿ ಕಡೆ ಏರು ಶುರುವಾದ ಕೂಡಲೇ ಮುಳ್ಳು ಓಡುತ್ತದೆ.

ಮೇಸ್ತ್ರಿ ಓದಿ ನಕ್ಕರು. "ನಿಂತಾಗ ಕಾಯೋದಾದ್ರೆ ಫ್ಯಾನ್ ನೋಡ್ಬೇಕು. ಏರಲ್ಲಿ ಮಾತ್ರ ಕಾದ್ರೆ ರೇಡಿಯೇಟರ್ ಕಟ್ಕೊಂಡಿದೆ ಅಂತ. ಬೆಳಗ್ಗೆ ಬಿಸಿನೇ ಆಗಲ್ಲ ಅಂದ್ರೆ ವಾಲ್ವ್ ಇಲ್ಲ." ಫ್ಯಾನಿನ ವೈರು ಕಳಚಿಟ್ಟು, ಬಿಸಿಯಾದ ರೇಡಿಯೇಟರ್ ಮೇಲೆ ನಮ್ಮ ಕೈಯನ್ನೇ ಆಡಿಸಿ ತೋರಿಸಿದರು. ಒಂದು ಪಕ್ಕ ಸುಡುತ್ತಿತ್ತು, ಕೆಳಗಿನ ಮೂಲೆ ತಣ್ಣಗಿತ್ತು. ಅಲ್ಲಿ ನೀರೇ ಹರಿಯುತ್ತಿರಲಿಲ್ಲ.

ಅವರು ವಾಲ್ವ್ ಅಂದದ್ದು ಥರ್ಮೋಸ್ಟಾಟ್‌ಗೆ. ಎಂಜಿನ್ ಸುಮಾರು 80 ಡಿಗ್ರಿ ದಾಟುವವರೆಗೆ ಅದು ನೀರನ್ನು ರೇಡಿಯೇಟರಿಗೆ ಬಿಡುವುದಿಲ್ಲ, ಆಮೇಲೆ ಬಾಗಿಲು ತೆರೆಯುತ್ತದೆ. ನಮ್ಮ ಕಾರಿನಲ್ಲಿ ಅದರ ಜಾಗ ಖಾಲಿ ಇತ್ತು. ಆಗ ನೆನಪಾಯಿತು. ಎರಡು ವರ್ಷದ ಹಿಂದೆ ಒಮ್ಮೆ ಕಾರು ಕಾದಾಗ, "ಹೇಗಾದ್ರೂ ಮಾಡಿ, ಖರ್ಚು ಬೇಡ" ಎಂದು ಬೇರೊಂದು ಗ್ಯಾರೇಜಿನಲ್ಲಿ ಹೇಳಿದ್ದವರು ನಾವೇ. ಅವರು ವಾಲ್ವ್ ತೆಗೆದುಹಾಕಿ ನೀರು ಸದಾ ಹರಿಯುವಂತೆ ಮಾಡಿ ಕಳಿಸಿದ್ದರು. ಕಾಯುವುದು ನಿಂತಿತು, ನಾವು ಖುಷಿಪಟ್ಟೆವು. ನಿಂತದ್ದು ಲಕ್ಷಣ ಮಾತ್ರ. ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಕಂಪ್ಯೂಟರ್ ಪೆಟ್ರೋಲನ್ನು ಹೆಚ್ಚೇ ಕೊಡುತ್ತಿತ್ತು, ಮೈಲೇಜ್ ಬಿದ್ದದ್ದು ಅದಕ್ಕೆ. ಒಳಗೆ ರೇಡಿಯೇಟರ್ ಮಾತ್ರ ದಿನದಿನಕ್ಕೆ ಕಟ್ಟಿಕೊಳ್ಳುತ್ತಲೇ ಹೋಯಿತು.

ಯಾಕೆ ಕಟ್ಟಿಕೊಂಡಿತು ಅನ್ನುವುದಕ್ಕೂ ಉತ್ತರ ನಮ್ಮ ಮನೆಯಲ್ಲೇ ಇತ್ತು. ಬಿಚ್ಚಿದ ರೇಡಿಯೇಟರ್ ತಟ್ಟಿದರೆ ತುಕ್ಕಿನ ಕೆಸರಿನ ಜೊತೆ ಬಿಳಿ ಚಕ್ಕೆಗಳು ಉದುರಿದವು. ನಮ್ಮ ಬಚ್ಚಲ ಹಂಡೆಯ ಒಳಗೆ, ನಲ್ಲಿಯ ಬಾಯಲ್ಲಿ ಕಟ್ಟುವ ಅದೇ ಬಿಳಿ. ನಮ್ಮ ಬೋರಿನ ನೀರು ಗಡಸು, ಬೇಳೆ ಬೇಯುವುದಿಲ್ಲ. ಕುಡಿಯಲು ನಾವು ಪಂಚಾಯಿತಿಯ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತರುತ್ತೇವೆ. ನಾವು ಕುಡಿಯದ ಆ ಬೋರಿನ ನೀರನ್ನು ಎಂಟೊಂಬತ್ತು ವರ್ಷ ಎಂಜಿನಿಗೆ ಕುಡಿಸಿದ್ದೆವು. ಕೂಲೆಂಟ್ ಅನ್ನುವುದು ಹಿಮ ಬೀಳುವ ದೇಶದವರಿಗೆ ಅಂದುಕೊಂಡಿದ್ದೆವು. ಅದು ನೀರಿನ ಕುದಿಬಿಂದು ಏರಿಸುತ್ತದೆ, ಒಳಗೆ ತುಕ್ಕು ಹಿಡಿಯದಂತೆ ಕಾಯುತ್ತದೆ ಎಂದು ಯಾರೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ಹೊಸ ರೇಡಿಯೇಟರ್, ಥರ್ಮೋಸ್ಟಾಟ್, ಒತ್ತಡ ಹಿಡಿಯುವ ಹೊಸ ಮುಚ್ಚಳ, ಎರಡು ಪೈಪು, ನೀರಿನ ಪಂಪನ್ನು ತಿರುಗಿಸುವ ಬೆಲ್ಟು, ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲೆಂಟು. ಎಂಜಿನ್ ಒಳಗಿನ ದಾರಿಗಳನ್ನು ತಿಳಿ ನೀರು ಬರುವವರೆಗೆ ಐದು ಸಲ ತೊಳೆದರು. ಕೂಲಿ ಸೇರಿ 6,800 ರೂಪಾಯಿ ಆಯಿತು. ಎರಡು ವರ್ಷದ ಹಿಂದೆಯೇ ಇದನ್ನು ಮಾಡಿಸಿದ್ದರೆ, ಲೀಟರಿಗೆ ನಾಲ್ಕು ಕಿಲೋಮೀಟರ್ ಕಳೆದುಕೊಂಡ ಪೆಟ್ರೋಲಿನ ದುಡ್ಡೇ ಸಾಕಾಗುತ್ತಿತ್ತು.

ನೋಟ್‌ಬುಕ್ ಈಗ ಡ್ಯಾಶ್‌ಬೋರ್ಡ್ ಖಾನೆಯಲ್ಲಿದೆ. ಭಾನುವಾರ ಬೆಳಗ್ಗೆ, ಎಂಜಿನ್ ತಣ್ಣಗಿರುವಾಗ, ಕೂಲೆಂಟ್ ಮಟ್ಟ, ಕಡ್ಡಿಯಲ್ಲಿ ಆಯಿಲ್, ಬ್ರೇಕ್ ಆಯಿಲ್, ಟೈರಿನ ಗಾಳಿ ನೋಡಿ ಬರೆಯುತ್ತೇವೆ. ಕೂಲೆಂಟ್ ಇಳಿದಿದ್ದರೆ ತುಂಬಿ ಮರೆಯುವುದಿಲ್ಲ, ಎಲ್ಲಿ ಹೋಯಿತು ಎಂದು ಹುಡುಕುತ್ತೇವೆ. ಹಾಗೆ ನೋಡುತ್ತಾ ಹೋಗಿಯೇ ಟೈರಿನ ಪಕ್ಕದ ನಾಲ್ಕು ಅಂಕಿಗಳ ಅರ್ಥ ತಿಳಿಯಿತು. ನಮ್ಮದರಲ್ಲಿ 2316 ಎಂದಿತ್ತು, ಅಂದರೆ 2016ರ 23ನೇ ವಾರ ತಯಾರಾದದ್ದು. ಗುಂಡಿ ಸವೆದಿರಲಿಲ್ಲ, ಆದರೆ ಪಕ್ಕದ ರಬ್ಬರ್ ಬಿರುಕು ಬಿಟ್ಟಿತ್ತು. ಎರಡನ್ನು ಆ ತಿಂಗಳು, ಎರಡನ್ನು ಮುಂದಿನ ತಿಂಗಳು ಬದಲಿಸಿದೆವು. ಎಂಜಿನ್ನಿನ ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದು ಎಂದು ಹಿಂದಿನ ಮಾಲೀಕರು ಎಲ್ಲೂ ಬರೆದಿಟ್ಟಿರಲಿಲ್ಲ. ಲೆಕ್ಕ ಗೊತ್ತಿಲ್ಲದ ಬೆಲ್ಟನ್ನು ಹಳೆಯದೆಂದೇ ತಿಳಿಯಬೇಕು ಅಂದರು ಮೇಸ್ತ್ರಿ. ಅದನ್ನೂ ಬದಲಿಸಿ, ದಿನಾಂಕ ಬರೆದೆವು.

ಆರು ತಿಂಗಳ ಮೇಲೆ ಮತ್ತೆ ಮಂಗಳೂರು. ಬಸ್ಸಿಗೆ ಹೋಗೋಣವೇ ಎಂದು ಅಪ್ಪನನ್ನು ಕೇಳಿದೆವು. "ಕಾರಿಗೇ ಹೋಗಾಣ" ಅಂದರು. ವಾಪಸು ಬರುವಾಗ ಚಾರ್ಮಾಡಿ ಏರು ಶುರುವಾಗುತ್ತಿದ್ದಂತೆ ಕಾರಿನೊಳಗೆ ಮಾತು ನಿಂತಿತು. ಎಲ್ಲರ ಕಣ್ಣೂ ಒಂದೇ ಕಡೆ. ಆ ದಿನ ಕೂತಿದ್ದ ತಡೆಗೋಡೆ ಬಂತು, ದಾಟಿತು.

"ಮುಳ್ಳು ಎಲ್ಲೈತೆ?" ಹಿಂದಿನಿಂದ ಅಪ್ಪ ಕೇಳಿದರು.

"ಅರ್ಧಕ್ಕಿಂತ ಕೆಳಗೈತಪ್ಪ."

"ಬರ್ಕೋ" ಅಂದು ಅಮ್ಮನ ಕಡೆ ಪುಸ್ತಕ ಚಾಚಿದರು. ಕೊಟ್ಟಿಗೆಹಾರ ಮುಟ್ಟಿದಾಗ ಏಳೂ ಕಾಲು. ಮಾತ್ರೆಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.